ಸೋರುವ ಮುಂಗಾಜು: ಸಿಲಿಕೋನ್, ಬ್ಯುಟೈಲ್ ಟೇಪು, ಪಿಯು ಅಂಟು

ನನ್ನ ಆಯ್ಕೆ ಪಿಯು ಅಂಟು, ಅಂದರೆ ಗಾಜನ್ನು ಪೂರ್ತಿ ಬಿಡಿಸಿ ಪಾಲಿಯುರಿಥೇನ್ ಹಾಕಿ ಮತ್ತೆ ಕೂರಿಸುವುದು. ಮೂರನ್ನೂ ಬಳಸಿ ನೋಡಿದ ಮೇಲೆ ಉಳಿದೆರಡನ್ನು ಈಗಿನ ಕಾರುಗಳಿಗೆ ಹಾಕಿಸಲು ಮನಸ್ಸು ಒಪ್ಪುವುದಿಲ್ಲ.

ಮೊದಲು ಸೋರುತ್ತಿರುವುದು ಗಾಜೇ ಎಂದು ಖಚಿತ ಮಾಡಿಕೊಳ್ಳಿ. ಎಸಿ ಡ್ರೈನ್ ಪೈಪು ಕಟ್ಟಿಕೊಂಡರೆ ಬಿರುಬೇಸಿಗೆಯಲ್ಲೂ ಕಾರ್ಪೆಟ್ ಒದ್ದೆಯಾಗುತ್ತದೆ. ವೈಪರ್ ಕೆಳಗಿನ ತೊಟ್ಟಿಯಲ್ಲಿ ಎಲೆ ತುಂಬಿದರೆ ಮಳೆನೀರು ಬ್ಲೋವರ್ ದಾರಿ ಹಿಡಿದು ಒಳಗಿಳಿಯುತ್ತದೆ. ಕಿಟಕಿಗಳನ್ನೆಲ್ಲ ಏರಿಸಿ, ಹೊರಗಾಳಿ ಒಳಬರುವಂತೆ ಇಟ್ಟು, ಬ್ಲೋವರನ್ನು ಪೂರ್ತಿ ವೇಗಕ್ಕೆ ತಿರುಗಿಸಿ. ಹೊರಗಡೆ ಗಾಜಿನ ಅಂಚಿಗೆ ಸೋಪುನೀರು ಸವರಿದರೆ ತೂತಿದ್ದಲ್ಲಿ ಗುಳ್ಳೆ ಏಳುತ್ತದೆ. ಏಳದಿದ್ದರೆ ಎ-ಪಿಲ್ಲರ್ ಟ್ರಿಮ್, ಅಂದರೆ ಗಾಜಿನ ಎರಡೂ ಬದಿಯ ಕಂಬಗಳ ಒಳಹೊದಿಕೆ, ಬಿಚ್ಚಿ, ಒಬ್ಬರು ಒಳಗೆ ಟಾರ್ಚ್ ಹಿಡಿದು ಕೂತಿರಲಿ. ಇನ್ನೊಬ್ಬರು ಒತ್ತಡವಿಲ್ಲದ ಪೈಪಿನಿಂದ ಕೆಳಗಿನ ಅಂಚಿನಿಂದ ಶುರುಮಾಡಿ ನಿಧಾನಕ್ಕೆ ಮೇಲಕ್ಕೆ ನೀರು ಬಿಡಲಿ. ಮೇಲಿನಿಂದ ಬಿಟ್ಟರೆ ನೀರು ಎಲ್ಲ ಕಡೆ ಹರಿದು, ಹೊಕ್ಕ ಜಾಗ ತಿಳಿಯುವುದೇ ಇಲ್ಲ.

ಸಿಲಿಕೋನ್ ಅಗ್ಗ, ಅರ್ಧ ಗಂಟೆಯ ಕೆಲಸ, ಮೊದಲ ಮಳೆಗೆ ಸೋರಿಕೆ ನಿಂತಂತೆಯೂ ಕಾಣುತ್ತದೆ. ಹಾರ್ಡ್‌ವೇರ್ ಅಂಗಡಿಯ ಸಾಮಾನ್ಯ ಟ್ಯೂಬು ಒಣಗುವಾಗ ವಿನೆಗರ್ ವಾಸನೆ ಬರುತ್ತದಲ್ಲ, ಅದು ಅಸಿಟಿಕ್ ಆಮ್ಲ. ಗಾಜು ಕೂರುವ ಲೋಹದ ಅಂಚಿನಲ್ಲಿ ಬಣ್ಣ ಎದ್ದಿದ್ದರೆ ಆ ಆಮ್ಲ ತುಕ್ಕಿಗೆ ದಾರಿ ಮಾಡಿಕೊಡುತ್ತದೆ. ಹೊರಗೆ ಬಾಯಿ ಮುಚ್ಚಿದ್ದರಿಂದ ಒಳಗೆ ಸಿಕ್ಕಿಕೊಂಡ ನೀರು ಅಲ್ಲೇ ನಿಂತು ಕೊರೆಯುತ್ತದೆ.

ಇಷ್ಟೇ ಆಗಿದ್ದರೆ ಸಹಿಸಬಹುದಿತ್ತು. ನಿಜವಾದ ತಲೆನೋವು ಶುರುವಾಗುವುದು ಮುಂದೆ ಸರಿಯಾದ ಕೆಲಸ ಮಾಡಿಸಲು ಹೊರಟಾಗ. ಸಿಲಿಕೋನ್ ಮೆತ್ತಿದ ಜಾಗಕ್ಕೆ ಪಿಯು ಹಿಡಿಯುವುದಿಲ್ಲ, ಅಂಟಿಗೆ ಮೊದಲು ಹಚ್ಚುವ ಪ್ರೈಮರ್ ಕೂಡ ನಿಲ್ಲುವುದಿಲ್ಲ. ಥಿನ್ನರ್ ಹಾಕಿ ಒರೆಸಿದರೆ ಸಿಲಿಕೋನ್ ಕರಗದೆ ತೆಳುವಾಗಿ ಹರಡಿಕೊಳ್ಳುತ್ತದೆ, ಅದೇ ಬಟ್ಟೆ, ಅದೇ ಗ್ಲೌಸ್ ಮುಟ್ಟಿದ ಕಡೆಗೂ ಅಂಟಿಕೊಳ್ಳುತ್ತದೆ. ಬ್ಲೇಡಿನಿಂದ ಕೆರೆದು, ಉಜ್ಜುವ ಪ್ಯಾಡಿನಿಂದ ತಿಕ್ಕಿ, ಪ್ರತಿ ಸಲ ಹೊಸ ಬಟ್ಟೆಯಲ್ಲಿ ಒರೆಸಬೇಕು. ಬಳಿಕ ಗಾಜಿನ ಅಂಚಿಗೆ ನೀರು ಸವರಿ ನೋಡಿ: ತೆಳುಪದರವಾಗಿ ಹರಡಿದರೆ ಸ್ವಚ್ಛ, ಹನಿಹನಿಯಾಗಿ ಒಡೆದರೆ ಸಿಲಿಕೋನ್ ಇನ್ನೂ ಇದೆ. ನೂರಿನ್ನೂರು ರೂಪಾಯಿಯ ಟ್ಯೂಬು ಸಾವಿರಾರು ರೂಪಾಯಿಯ ಕೆಲಸವನ್ನು ಕೆಡಿಸುವುದು ಹೀಗೆ.

ಬ್ಯುಟೈಲ್ ಟೇಪು ಅಂದರೆ ಜಿಗುಟು ರಬ್ಬರಿನ ಪಟ್ಟಿ, ಅದು ಎಂದೂ ಗಟ್ಟಿಯಾಗದು. ನೀರು ತಡೆಯುತ್ತದೆ, ಆದರೆ ಬಿಸಿಲಿಗೆ ಮೆದುವಾಗಿ ಗಾಜು ಜಾರಬಹುದು, ಬಲವಂತೂ ಇಲ್ಲವೇ ಇಲ್ಲ. ಅಂಬಾಸಿಡರ್, ಪದ್ಮಿನಿಯಂಥ, ಗಾಜನ್ನು ಸುತ್ತ ರಬ್ಬರ್ ಪಟ್ಟಿ (ಬೀಡಿಂಗ್) ಹಿಡಿದಿರುವ ಕಾರುಗಳ ಲೆಕ್ಕ ಬೇರೆ. ಅಲ್ಲಿ ಹೊಸ ಬೀಡಿಂಗ್ ಹಾಕಿಸಿ, ಅದರ ತುಟಿಯೊಳಗೆ ಗಟ್ಟಿಯಾಗದ ಸೀಲೆಂಟ್ ತುಂಬಿದರೆ ಸಾಕು.

ಅಂಟಿಸಿ ಕೂರಿಸಿದ ಗಾಜು ಕಾರಿನ ಚೌಕಟ್ಟಿನದೇ ಭಾಗ. ಕಾರು ಮಗುಚಿದಾಗ ಮೇಲ್ಛಾವಣಿ ಕುಸಿಯದಂತೆ ತಡೆಯುವುದರಲ್ಲಿ ಅದರ ಪಾಲಿದೆ. ಅನೇಕ ಕಾರುಗಳಲ್ಲಿ ಪಕ್ಕದ ಸೀಟಿನ ಏರ್‌ಬ್ಯಾಗ್ ಡ್ಯಾಶ್‌ಬೋರ್ಡಿನಿಂದ ಮೇಲಕ್ಕೆ ಚಿಮ್ಮಿ, ಗಾಜಿಗೆ ಒರಗಿ ಸವಾರರತ್ತ ತಿರುಗುತ್ತದೆ. ಗಾಜು ಕಿತ್ತುಬಂದರೆ ಬ್ಯಾಗಿಗೆ ಆಸರೆಯೇ ಇರುವುದಿಲ್ಲ. ನಮ್ಮಲ್ಲಿ ಹೊಸ ಮಾದರಿಗಳಿಗೆ ಈ ಬ್ಯಾಗ್ 2021ರ ಏಪ್ರಿಲ್ 1ರಿಂದ ಕಡ್ಡಾಯ. ಹಾಗಾಗಿ ಸೋರಿಕೆಯನ್ನು ಬರೀ ಒದ್ದೆ ಕಾರ್ಪೆಟ್ಟಿನ ಸಮಸ್ಯೆ ಎಂದು ನೋಡಲಾಗದು. ನೀರು ಹೊಕ್ಕ ಜಾಗದಲ್ಲಿ ಅಂಟು ಬಿಟ್ಟಿದೆ, ಇಲ್ಲವೇ ಅದರಡಿಯ ಲೋಹ ತುಕ್ಕು ಹಿಡಿದಿದೆ ಎಂದೇ ಮೊದಲು ಶಂಕಿಸಬೇಕು.

ಮಾಡಿಸುವಾಗ ಪಕ್ಕದಲ್ಲೇ ನಿಂತಿರಿ. ಹಳೆಯ ಪಿಯು ಗಟ್ಟಿಯಾಗಿ ಹಿಡಿದಿದ್ದರೆ ಅದನ್ನು 1–2 ಮಿ.ಮೀ. ದಪ್ಪಕ್ಕೆ ಕತ್ತರಿಸಿ ಉಳಿಸಬೇಕು, ಹೊಸ ಅಂಟಿಗೆ ಅದಕ್ಕಿಂತ ಒಳ್ಳೆಯ ತಳ ಇಲ್ಲ. ತುಕ್ಕಿದ್ದರೆ ಲೋಹದವರೆಗೆ ಉಜ್ಜಿ ಪ್ರೈಮರ್ ಹಚ್ಚಿ, ಅದು ಒಣಗುವವರೆಗೆ ಕಾಯಲೇಬೇಕು. ಟ್ಯೂಬಿನ ಮೂತಿಯನ್ನು 'ವಿ' ಆಕಾರಕ್ಕೆ ಕತ್ತರಿಸಿ, ತ್ರಿಕೋನದ ಗೆರೆ ಎಲ್ಲೂ ತುಂಡಾಗದಂತೆ ಎಳೆದು, ಮೇಲೆ ಪೊರೆ ಕಟ್ಟುವ ಮೊದಲೇ ಗಾಜು ಕೂರಿಸಬೇಕು. ಸಾಮಾನ್ಯ ಕಾರಿಗೆ 310 ಮಿ.ಲೀ.ಯ ಒಂದು ಟ್ಯೂಬು ಕೆಲವೊಮ್ಮೆ ಸಾಲದು, ಎರಡು ತರಿಸಿಟ್ಟಿರಲಿ. ಅವಧಿ ಮುಗಿಯುವ ದಿನಾಂಕ ನೋಡಿಯೇ ಒಡೆಸಿ. ಆಮೇಲೆ ಒಂದು ದಿನ ಕಿಟಕಿ ಬೆರಳಷ್ಟು ಇಳಿಸಿಡಿ; ಪೂರ್ತಿ ಮುಚ್ಚಿ ಬಾಗಿಲು ಬಡಿದರೆ ಒಳಗಿನ ಗಾಳಿ ಹಸಿ ಅಂಟನ್ನು ತಳ್ಳಿಬಿಡುತ್ತದೆ. ಎಷ್ಟು ಹೊತ್ತಿಗೆ ಓಡಿಸಬಹುದೆಂದು ಟ್ಯೂಬಿನ ಮೇಲೇ ಬರೆದಿರುತ್ತದೆ, ಮೆಕ್ಯಾನಿಕ್ ಅವಸರ ಮಾಡಿದರೂ ಅದನ್ನೇ ನಂಬಿ.

ಪಿಯು ಗಾಳಿಯ ತೇವದಿಂದಲೇ ಗಟ್ಟಿಯಾಗುವಂಥದ್ದು. ಆದ್ದರಿಂದ ಕರಾವಳಿಯ ಜುಲೈ ತಿಂಗಳೂ ಅಡ್ಡಿಯಲ್ಲ, ಅಂಟಿಸುವ ಜಾಗ ಮಾತ್ರ ಪೂರ್ತಿ ಒಣಗಿರಬೇಕು, ಕೆಲಸ ಸೂರಿನಡಿ ನಡೆಯಬೇಕು.

ಗಾಜು ಒಡೆದಿದ್ದರೆ ಸಮಗ್ರ ವಿಮೆ ಕೈಹಿಡಿಯುತ್ತದೆ, ಸೀಲು ಸವೆದು ಸೋರಿದ್ದಕ್ಕೆ ಅದು ಬರುವುದಿಲ್ಲ. ಘಾಟಿಯಲ್ಲಿ ಮಳೆಯಲ್ಲೇ ಓಡಾಡುವವರು, ಬಯಲಿನಲ್ಲಿ ಕಾರು ನಿಲ್ಲಿಸುವವರು ಈ ಖರ್ಚನ್ನು ಮುಂದೂಡಬೇಡಿ. ಈ ತಿಂಗಳು ದುಡ್ಡಿಲ್ಲವೆಂದಾದರೆ ಹೊರಗಿನ ಅಂಚಿಗೆ ನೀರು ತಡೆಯುವ ಟೇಪು ಹಚ್ಚಿ, ಒದ್ದೆ ಕಾರ್ಪೆಟ್ ಎತ್ತಿ ಒಣಗಿಸಿ, ಡ್ಯಾಶ್‌ಬೋರ್ಡ್ ಕೆಳಗಿನ ಫ್ಯೂಸ್ ಬಾಕ್ಸಿಗೆ ನೀರು ತಾಗಿದೆಯೇ ನೋಡಿ. ಸಿಲಿಕೋನ್ ಟ್ಯೂಬು ಮಾತ್ರ ಬೇಡ.