ಮೂರು ವರ್ಷ ತುರುಬು ಹಿಡಿದ ಪಿನ್ನುಗಳು: ಉಳಿದದ್ದು ಒಂದೇ

ಸೊಂಟ ಮುಟ್ಟುವ ಕೂದಲಿರುವವರಿಗೆ ಕ್ಲಚರ್‌ ಮೇಲೆ ಹಳೆಯ ಸಿಟ್ಟೊಂದು ಇದ್ದೇ ಇರುತ್ತದೆ. ಇವತ್ತು ಹಲ್ಲು ಮುರಿಯುತ್ತದೆ, ನಾಳೆ ಸ್ಪ್ರಿಂಗ್ ಹಾರಿಹೋಗುತ್ತದೆ, ಎರಡೂ ಆಗದಿದ್ದರೆ ಮಧ್ಯಾಹ್ನದ ಹೊತ್ತಿಗೆ ಕೂದಲೇ ಜೋಲುಬಿದ್ದಿರುತ್ತದೆ. ಮೂರು ವರ್ಷದ ಹಿಂದೆ ಅಲಂಕಾರಿಕ ಪಿನ್ನುಗಳ ಪೆಟ್ಟಿಗೆಯೊಂದನ್ನು ಕೊಂಡದ್ದು ಆ ಸಿಟ್ಟಿನಲ್ಲೇ. ಒಳಗೆ ಎರಡು ಕಾಲಿನ ಮರದ ಪಿನ್ನು, ತುದಿಯಲ್ಲಿ ಹರಳಿನ ಗೊಂಚಲು ತೂಗುವ ಹಿತ್ತಾಳೆಯ ಕಡ್ಡಿ, ಹೂವಿನ ತಲೆಯ ಪ್ಲಾಸ್ಟಿಕ್ ಕಡ್ಡಿ, ಜೊತೆಗೆ ಮುತ್ತು ಅಂಟಿಸಿದ ಆರು ಸಣ್ಣ ಯು-ಪಿನ್ನುಗಳಿದ್ದವು. ಕಣ್ಣು ಹೋದದ್ದು ಹಿತ್ತಾಳೆಯ ಮೇಲೆ. ಮರದ್ದು ಮೂಲೆಯಲ್ಲಿ ಸಪ್ಪೆಯಾಗಿ ಬಿದ್ದಿತ್ತು. ಈಗ ಕನ್ನಡಿಯ ಮುಂದೆ ಕೈಗೆಟುಕುವಂತೆ ಇಟ್ಟುಕೊಂಡಿರುವುದು ಅದೊಂದನ್ನೇ.

ಮೊದಲ ತಿಂಗಳು ಯಾವುದೂ ನಿಲ್ಲಲಿಲ್ಲ. ತುರುಬು ಸುತ್ತಿ ಕಡ್ಡಿಯನ್ನು ನಡುವೆ ನೇರವಾಗಿ ತೂರಿಸುತ್ತಿದ್ದೆ. ನಾಲ್ಕು ಹೆಜ್ಜೆ ಇಡುವಷ್ಟರಲ್ಲಿ ಎಲ್ಲವೂ ಕುತ್ತಿಗೆಗೆ ಇಳಿದಿರುತ್ತಿತ್ತು. ಪೆಟ್ಟಿಗೆಯನ್ನು ಹಿಂದಿರುಗಿಸಲು ಹೊರಟವಳಿಗೆ ತಪ್ಪು ನನ್ನ ಕೈಯದೆಂದು ಗೊತ್ತಾದದ್ದು ಆಕಸ್ಮಿಕವಾಗಿ. ಕೂದಲನ್ನು ಹಿಂದಲೆಯಲ್ಲಿ ಒಟ್ಟುಗೂಡಿಸಿ ಹಗ್ಗದಂತೆ ಹುರಿಮಾಡಬೇಕು. ಹುರಿ ಯಾವ ಕಡೆಗೆ ತಿರುಗಿದೆಯೋ ಅದೇ ಕಡೆಗೆ ಸುತ್ತುತ್ತಾ ತುದಿಯನ್ನು ಅಡಿಗೆ ಸೇರಿಸಬೇಕು. ಆಮೇಲೆ ಕಡ್ಡಿಯ ಮೊನೆಯನ್ನು ತುರುಬಿನಿಂದ ಹೊರಮುಖವಾಗಿ ಹಿಡಿದು ಅಂಚಿನ ಸ್ವಲ್ಪ ಕೂದಲನ್ನಷ್ಟೇ ಎತ್ತಿಕೊಳ್ಳಬೇಕು, ಅಲ್ಲಿಯೇ ಕಡ್ಡಿಯನ್ನು ಹಿಂದುಮುಂದಾಗಿ ಮಗುಚಬೇಕು. ಈಗ ಮೊನೆ ಎದುರಿನ ಅಂಚಿನ ಕಡೆಗಿರುತ್ತದೆ. ತಲೆಗೆ ಒರಗಿಸಿಕೊಂಡೇ ದೂಡಿ, ದಾರಿಯಲ್ಲಿ ತಲೆಯ ಮೇಲಿನ ಕೂದಲನ್ನೂ ಒಂದಿಷ್ಟು ಹಿಡಿದು, ಆ ಬದಿಯಿಂದ ಹೊರತೆಗೆದರೆ ಮುಗಿಯಿತು. ಮಗುಚುವ ಕ್ಷಣದಲ್ಲಿ ಬುಡ ಸ್ವಲ್ಪ ಬಿಗಿದಂತಾಗುತ್ತದೆ; ನೋಯುವಂತಿಲ್ಲ, ನೋವಾದರೆ ಹೆಚ್ಚು ಕೂದಲು ಎತ್ತಿಕೊಂಡಿದ್ದೀರಿ ಎಂದರ್ಥ. ಬಿಚ್ಚಿಕೊಳ್ಳಲು ನೋಡುವ ಸುರುಳಿಯೇ ಕಡ್ಡಿಯನ್ನು ತಲೆಗೆ ಒತ್ತಿ ಹಿಡಿಯುತ್ತದೆ. ಇದು ಕೈಗೆ ಹತ್ತಿದ ದಿನ ಒಂದೇ ಕಡ್ಡಿಯಲ್ಲಿ ಬೆಳಿಗ್ಗೆಯಿಂದ ಸಂಜೆಯವರೆಗೆ ತುರುಬು ಕದಲಲಿಲ್ಲ. ಪೆಟ್ಟಿಗೆಯ ಜೊತೆ ಬಂದ ಚೀಟಿಯಲ್ಲಿ ಈ ಮಗುಚುವಿಕೆಯ ಸುದ್ದಿಯೇ ಇಲ್ಲ, ನಗುವ ರೂಪದರ್ಶಿಯ ಚಿತ್ರವಿದೆ.

ಹಿತ್ತಾಳೆಯದು ನೋಡಲು ಈಗಲೂ ಚೆಂದ. ತೊಂದರೆ ಅದರ ತೂಕದ್ದು: ಭಾರವೆಲ್ಲ ಒಂದೇ ತುದಿಯಲ್ಲಿರುವುದರಿಂದ ಗೊಂಚಲಿನ ಕಡೆ ಮೆಲ್ಲಗೆ ತಗ್ಗುತ್ತಾ ಹೋಗುತ್ತದೆ. ಎರಡು ಗಂಟೆಯ ಸಮಾರಂಭಕ್ಕೆ ಅಡ್ಡಿಯಿಲ್ಲ, ಇಡೀ ದಿನವಾದರೆ ತಲೆ ಸಿಡಿಯುತ್ತದೆ. ಸಾಲದ್ದಕ್ಕೆ ಗೊಂಚಲಿನ ಸರಪಳಿಯ ಕೊಂಡಿಗಳಿಗೆ ಕತ್ತಿನ ಬಳಿಯ ಸಣ್ಣ ಕೂದಲು ಸಿಕ್ಕಿಕೊಂಡು, ಬಿಡಿಸಲು ಇನ್ನೊಬ್ಬರ ಕೈ ಬೇಕಾಗುತ್ತದೆ. ಬೆವರು, ಎಣ್ಣೆ ತಗುಲಿ ಲೋಹ ಕಪ್ಪಾಗುತ್ತದೆ; ಪ್ರತಿ ಸಲ ಒಣಬಟ್ಟೆಯಲ್ಲಿ ಒರೆಸಿಡುವಷ್ಟು ಶಿಸ್ತು ನನಗಿಲ್ಲ.

ಪ್ಲಾಸ್ಟಿಕ್ ಕಡ್ಡಿ ಕಲಿಸಿದ ಪಾಠ ಬೇರೆ. ಅದನ್ನು ಎಳೆದಾಗಲೆಲ್ಲ ಎರಡು ಮೂರು ತುಂಡು ಕೂದಲು ಅಂಟಿಕೊಂಡು ಬರುತ್ತಿತ್ತು. ಬೆಳಕಿಗೆ ಹಿಡಿದು ಉಗುರು ಆಡಿಸಿ ನೋಡಿದೆ: ಅಚ್ಚಿನ ಎರಡು ಭಾಗ ಕೂಡುವಲ್ಲಿ ಉದ್ದಕ್ಕೂ ಒಂದು ಏಣು, ಕೂದಲೆಳೆಗೆ ಅದು ಗರಗಸ. ನಯವಾದ ಉಪ್ಪುಕಾಗದದಿಂದ ಉಜ್ಜಿದ ಮೇಲೆ ಕಾಟ ತಪ್ಪಿತು. ಉದ್ದದ ಕಾಟ ಮಾತ್ರ ಉಳಿಯಿತು. ನನ್ನ ತುರುಬಿನ ಅಗಲ ಸುಮಾರು 8 ಸೆಂಟಿಮೀಟರ್, ಈ ಕಡ್ಡಿ 18. ಕುರ್ಚಿಗೆ ಒರಗಿದರೆ ಸಾಕು, ಚಾಚಿದ ತುದಿ ತಾಗಿ ಇಡೀ ತುರುಬು ಮೇಲಕ್ಕೆ ಜರುಗುತ್ತಿತ್ತು. ಎರಡನೆಯ ವರ್ಷ ಹಾಗೆಯೇ ಒರಗಿದಾಗ ಟಕ್ಕೆಂದು ಮುರಿಯಿತು. ನಾನು ಅತ್ತಿಲ್ಲ.

ಯು-ಪಿನ್ನುಗಳಲ್ಲಿ ನಾಲ್ಕರ ಮುತ್ತು ವರ್ಷದೊಳಗೇ ಉದುರಿತು, ಅಂಟು ಅಷ್ಟು ಬಡವಾಗಿತ್ತು. ಬೋಳಾದ ಪಿನ್ನುಗಳು ಹಿಡಿತದಲ್ಲಿ ಏನೂ ಕಡಿಮೆಯಾಗಿಲ್ಲ. ಅಂಚಿನಲ್ಲಿ ಸಡಿಲವಾದ ಸುತ್ತನ್ನು ಅದೇ ಮಗುಚುವ ಕ್ರಮದಲ್ಲಿ ಸಿಕ್ಕಿಸಲು ಬೇಕಾದಾಗ ಹುಡುಕಿ ಬಳಸುತ್ತೇನೆ.

ಇನ್ನು ಮರದ್ದು. 13 ಸೆಂಟಿಮೀಟರ್ ಉದ್ದ, ಕಾಲುಗಳು ತಲೆಯ ದುಂಡನೆಯ ಆಕಾರಕ್ಕೆ ತಕ್ಕಂತೆ ತುಸು ಬಾಗಿವೆ, ತುರುಬಿನ ಎರಡೂ ಬದಿಗೆ ಬೆರಳಗಲದಷ್ಟು ಹೊರಚಾಚುತ್ತದೆ. ಎರಡು ಕಾಲುಗಳಿರುವುದರಿಂದ ಕಡ್ಡಿಯಂತೆ ತನ್ನಷ್ಟಕ್ಕೆ ತಿರುಗುವುದಿಲ್ಲ. ಮರಕ್ಕೂ ಕೂದಲಿಗೂ ನಡುವೆ ಒಂದು ಹದವಾದ ಒರಟಿದೆ, ಆಗ ತಾನೇ ತೊಳೆದ ಜಾರುಗೂದಲನ್ನೂ ಅದು ಸುಮಾರಾಗಿ ತಡೆಯುತ್ತದೆ. ಸ್ನಾನದ ಮರುದಿನವಾದರೆ ಕೇಳುವುದೇ ಬೇಡ. ಒಮ್ಮೆ ಅವಸರದಲ್ಲಿ ಒದ್ದೆ ಕೂದಲಿಗೇ ಸಿಕ್ಕಿಸಿ ಸಂಜೆಯವರೆಗೆ ಬಿಟ್ಟೆ. ಮೆರುಗು ಹೋಗಿ ಒಂದು ಕಾಲಿನಲ್ಲಿ ನಾರು ಎದ್ದಿತು. ಉಪ್ಪುಕಾಗದದಿಂದ ತಿಕ್ಕಿ ಎರಡು ಹನಿ ಎಣ್ಣೆ ಸವರಿದ ಮೇಲೆ ಸರಿಹೋಯಿತು. ಒದ್ದೆ ಕೂದಲು ಹೇಗೂ ಹಿಗ್ಗಿ ಬೇಗ ತುಂಡಾಗುತ್ತದೆ, ಅದನ್ನು ಬಿಗಿದು ಕಟ್ಟುವುದು ಮರಕ್ಕೂ ಕೂದಲಿಗೂ ಒಳ್ಳೆಯದಲ್ಲ.

ಪೆಟ್ಟಿಗೆಯ ಮೇಲೆ ಕೂದಲು ಬೆಳೆಯಲು ಸಹಕಾರಿ ಎಂದು ಬರೆದಿದ್ದಾರೆ. ಕೂದಲು ಬುಡದಿಂದ ತಿಂಗಳಿಗೆ ಸುಮಾರು 1 ಸೆಂಟಿಮೀಟರ್ ಬೆಳೆಯುತ್ತದೆ, ಹೊರಗೆ ಸಿಕ್ಕಿಸಿದ ಮರದ ತುಂಡು ಅದನ್ನು ಅವಸರಪಡಿಸಲಾರದು. ನಿಜವಾದ ಲಾಭವೆಂದರೆ, ರಬ್ಬರ್ ಬ್ಯಾಂಡ್ ಕಟ್ಟುತ್ತಿದ್ದ ಜಾಗದಲ್ಲಿ ಗೆರೆಬಿದ್ದು ತುಂಡಾಗುತ್ತಿದ್ದ ಕೂದಲು ಈಗ ಕಾಣುವುದಿಲ್ಲ. ಆದರೆ ಒಂದೇ ಜಾಗದಲ್ಲಿ ದಿನವೂ ಬಿಗಿದರೆ ಪಿನ್ನಾದರೂ ಬುಡ ಜಗ್ಗುತ್ತದೆ, ಹಣೆಯಂಚಿನ ಕೂದಲು ತೆಳುವಾಗುತ್ತದೆ. ಅದಕ್ಕೇ ಒಂದು ದಿನ ಕತ್ತಿನ ಮೇಲೆ, ಒಂದು ದಿನ ನೆತ್ತಿಯ ಹತ್ತಿರ ಸುತ್ತುತ್ತೇನೆ. ಮನೆಯಲ್ಲಿರುವ ದಿನ ಬರೀ ಜಡೆ.

ಇಡೀ ಪೆಟ್ಟಿಗೆಯನ್ನು ಮತ್ತೆ ಕೊಳ್ಳುವುದಿಲ್ಲ. ಇಂಥದ್ದೇ ಮರದ ಪಿನ್ನು ಬಿಡಿಯಾಗಿ ಸಿಕ್ಕರೆ ಎರಡು ತೆಗೆದುಕೊಳ್ಳುತ್ತೇನೆ. ನೀವು ಕೊಳ್ಳುವುದಾದರೆ ಮೊದಲು ತುರುಬು ಸುತ್ತಿ ಅದರ ಅಗಲವನ್ನು ಅಳತೆಪಟ್ಟಿಯಿಂದ ಅಳೆದುಕೊಳ್ಳಿ. ಹರಳುಗಳೆಷ್ಟು ಎಂದು ಪೆಟ್ಟಿಗೆಯ ಮೇಲೆ ದಪ್ಪಕ್ಷರದಲ್ಲಿ ಬರೆದಿರುತ್ತಾರೆ, ಕಾಲಿನ ಉದ್ದವನ್ನು ಬರೆದಿರುವುದಿಲ್ಲ.