ಹಳೆಯ ಕಲರಿಮೀಟರ್ ನಂಬಿ ಲ್ಯಾಪ್‌ಟಾಪ್‌ನ ಬಿಳಿ ಬದಲಾಯಿಸಬೇಡಿ, ನನ್ನ ಒಂದು ಮದುವೆ ಆಲ್ಬಂ ಪೂರ್ತಿ ಹಾಳಾಯಿತು

"ಏನಪ್ಪಾ ಇದು, ಒಗೆಯುವಾಗ ನೀಲಿ ಜಾಸ್ತಿ ಆದ ಹಾಗಿದೆಯಲ್ಲ ನನ್ನ ಮಗನ ಕುಪ್ಯ?" ಆಲ್ಬಂನ ಮೊದಲ ಪುಟ ತೆಗೆದ ಕೂಡಲೇ ಮದುಮಗನ ತಾಯಿ ಕೇಳಿದ ಮಾತು ಇದು. ನನಗೆ ಬಾಯಿಂದ ಮಾತೇ ಬರಲಿಲ್ಲ. ಕೊಡವರ ಮದುವೆಯಲ್ಲಿ ಉಳಿದ ಗಂಡಸರು ಕಪ್ಪು ಕುಪ್ಯ (ಮೊಣಕಾಲಿನವರೆಗೆ ಬರುವ ಉದ್ದ ಕೋಟು) ಹಾಕಿದರೆ ಮದುಮಗ ಬಿಳಿ ಕುಪ್ಯ ಹಾಕುತ್ತಾನೆ, ಸೊಂಟಕ್ಕೆ ಕೆಂಪು ಚೇಲೆ. ಆ ಬಿಳಿಯೇ ಕೆಟ್ಟರೆ ಆಲ್ಬಂನಲ್ಲಿ ಇನ್ನೇನು ಉಳಿಯಿತು? 38 ಶೀಟ್, ಎಲ್ಲವೂ ಹಾಗೇ. ಲ್ಯಾಬ್‌ನವರದ್ದು ಏನೂ ತಪ್ಪಿರಲಿಲ್ಲ. ನಾನು ಕಳಿಸಿದ ಫೈಲೇ ನೀಲಿ.

ನಾನಿರುವುದು ವಿರಾಜಪೇಟೆಯಲ್ಲಿ. ಕಕ್ಕಡ ತಿಂಗಳಲ್ಲಿ (ಜುಲೈ-ಆಗಸ್ಟ್) ಮದುವೆಗಳಿಲ್ಲ, ಮಳೆಯೂ ಬಿಡುವುದಿಲ್ಲ, ಹಾಗಾಗಿ ಮೇ ತಿಂಗಳ ಮದುವೆಗಳ ಆಲ್ಬಂ ಕೆಲಸವನ್ನೆಲ್ಲ ಆಗಲೇ ಕೂತು ಮುಗಿಸುವುದು. ಕಳೆದ ವರ್ಷ ಅದಕ್ಕೆ ಸ್ವಲ್ಪ ಮುಂಚೆ, ಸ್ಟುಡಿಯೋ ಮುಚ್ಚುತ್ತಿದ್ದ ಪರಿಚಯದವರೊಬ್ಬರು ತಮ್ಮ ಹಳೆಯ ಕಲರಿಮೀಟರನ್ನು ಕಡಿಮೆ ಬೆಲೆಗೆ ಕೊಟ್ಟರು. ಸ್ಕ್ರೀನ್ ಮೇಲೆ ಇಳಿಬಿಟ್ಟು ಬಣ್ಣ ಅಳೆಯುವ ಸಾಧನ, ಕೈಯೊಳಗೆ ಹಿಡಿಯುವಷ್ಟು ಚಿಕ್ಕದು. ನನಗೆ ತುಂಬಾ ಖುಷಿಯಾಗಿತ್ತು.

ಅಳೆದು ನೋಡಿದರೆ ನನ್ನ ಲ್ಯಾಪ್‌ಟಾಪ್‌ನ ಬಿಳಿ 7400 ಕೆಲ್ವಿನ್ ಅಂತ ತೋರಿಸಿತು. ಈ ಸಂಖ್ಯೆ ಹೆಚ್ಚಾದಷ್ಟೂ ಬಿಳಿ ನೀಲಿ ಕಡೆಗೆ, ಕಡಿಮೆಯಾದಷ್ಟೂ ಹಳದಿ ಕಡೆಗೆ. ಫೋಟೋಗಳಿಗೆ ಸಾಮಾನ್ಯವಾಗಿ ಬಳಸುವ ಬಣ್ಣದ ಮಾನದಂಡ ಎಸ್‌ಆರ್‌ಜಿಬಿ, ಅದರ ಬಿಳಿ ಡಿ65, ಅಂದರೆ ಹತ್ತಿರ ಹತ್ತಿರ 6500. ಸ್ಕ್ರೀನ್ ನೀಲಿ ಜಾಸ್ತಿ ತೋರಿಸುತ್ತಿದೆ ಅಂದುಕೊಂಡು ಸಾಫ್ಟ್‌ವೇರ್‌ನಲ್ಲಿ 6500 ಆರಿಸಿ ಶುರು ಮಾಡಿದೆ. ಮುಗಿದ ಮೇಲೆ ಸ್ಕ್ರೀನ್ ಹಳದಿ ಕಾಣಿಸಿತು. ಎರಡು ದಿನದಲ್ಲಿ ಕಣ್ಣಿಗೆ ಅಭ್ಯಾಸ ಆಗುತ್ತೆ ಅಂತ ಎಲ್ಲರೂ ಹೇಳುತ್ತಾರಲ್ಲ, ನಾನೂ ಹಾಗೇ ಸುಮ್ಮನಾದೆ. ಆದರೆ ನನ್ನ ಮೇಜು ಕಿಟಕಿಯ ಪಕ್ಕ. ಮಳೆಗಾಲದಲ್ಲಿ ಮೋಡದ ಬೆಳಕೇ ತಣ್ಣಗೆ, ನೀಲಿ ಕಡೆಗೆ ಇರುತ್ತದೆ, ಅದನ್ನೇ ನೋಡುತ್ತಿದ್ದ ಕಣ್ಣಿಗೆ ಸ್ಕ್ರೀನ್ ಮೇಲಿನ ಕುಪ್ಯ ಹಳದಿ ಹಿಡಿದ ಹಾಗೆ ಕಾಣುತ್ತಿತ್ತು. ಒಂದೊಂದೇ ಫೋಟೋಗೆ ನೀಲಿ ಸೇರಿಸುತ್ತಾ ಹೋದೆ. ಮಷೀನ್ ಅಳೆದ ಸ್ಕ್ರೀನ್ ಅಲ್ವಾ, ಅದರ ಮೇಲೆ ಅನುಮಾನವೇ ಬರಲಿಲ್ಲ. ಅನುಮಾನ ಬಂದದ್ದೆಲ್ಲ ಫೋಟೋ ಮೇಲೆ.

ಆಲ್ಬಂ ವಾಪಸ್ ತಂದ ರಾತ್ರಿ ಮೊದಲ ಸಲ ಕುಪ್ಯದ ಎದೆಯ ಭಾಗದ ಮೇಲೆ ಕರ್ಸರ್ ಇಟ್ಟು ಸಂಖ್ಯೆ ನೋಡಿದೆ. ಕೆಂಪು 226, ಹಸಿರು 231, ನೀಲಿ 247. ಬಿಳಿ ಬಟ್ಟೆಗೆ ಮೂರೂ ಹತ್ತಿರ ಹತ್ತಿರ ಇರಬೇಕು. ಇದನ್ನು ಮೊದಲೇ ನೋಡಿದ್ದರೆ ಅಲ್ಲೇ ಗೊತ್ತಾಗುತ್ತಿತ್ತು.

ಆಮೇಲೆ ಮೈಸೂರಿನ ಗೆಳೆಯರೊಬ್ಬರ ಹೊಸ ಸಾಧನದಲ್ಲಿ ಅಳೆದೆವು. ನಾನು 6500 ಅಂದುಕೊಂಡಿದ್ದ ಬಿಳಿ ನಿಜದಲ್ಲಿ 5900. ಹಳೆಯ ಸಾಧನದಿಂದ ಮಾಡಿದ ತಿದ್ದುಪಡಿಯನ್ನು (ಪ್ರೊಫೈಲ್) ತೆಗೆದು ಅಳೆದರೆ 6700ರ ಹತ್ತಿರ ಬಂತು. ಅಂದರೆ ಲ್ಯಾಪ್‌ಟಾಪ್ ಮೊದಲೇ ಸರಿಯಾಗಿತ್ತು, ಕೆಡಿಸಿದ್ದು ನಾನು.

ಯಾಕೆ ಹೀಗಾಯಿತು ಅಂದರೆ, ಕಲರಿಮೀಟರ್ ಬಣ್ಣದ ಫಿಲ್ಟರ್‌ಗಳ ಮೂಲಕ ಬೆಳಕನ್ನು ನೋಡುತ್ತದೆ. ಹಳೆಯ ಕೆಲವು ಸಾಧನಗಳ ಫಿಲ್ಟರ್‌ಗಳು ತೇವಕ್ಕೆ, ಬಿಸಿಗೆ, ವಯಸ್ಸಿಗೆ ಬಣ್ಣ ಬದಲಾಯಿಸುತ್ತವೆ. ನಮ್ಮೂರಿನ ಮಳೆಗಾಲದಲ್ಲಿ ಲೆನ್ಸ್‌ಗೇ ಬೂಷ್ಟು ಹಿಡಿಯುತ್ತೆ, ಅದಕ್ಕೆಂದೇ ನಾವೆಲ್ಲ ಸಿಲಿಕಾ ಜೆಲ್ ಹಾಕಿದ ಡಬ್ಬಿಯಲ್ಲಿ ಲೆನ್ಸ್ ಇಡುತ್ತೇವೆ, ಆದರೆ ಈ ಸಾಧನ ವರ್ಷಗಟ್ಟಲೆ ತೆರೆದ ಕಪಾಟಿನಲ್ಲಿ ಬಿದ್ದಿತ್ತಂತೆ. ಇನ್ನೊಂದು ತಪ್ಪು ನನ್ನದೇ. ಸ್ಕ್ರೀನ್ ಯಾವ ಬಗೆಯದು ಅಂತ ಸಾಫ್ಟ್‌ವೇರ್ ಕೇಳುತ್ತದೆ, ಹಳೆಯ ಟ್ಯೂಬ್ ಬೆಳಕಿನ ಸಿಸಿಎಫ್‌ಎಲ್, ಬಿಳಿ ಎಲ್‌ಇಡಿ, ಓಎಲ್‌ಇಡಿ ಹೀಗೆ. ನನ್ನದು ಎಲ್‌ಇಡಿ. ಅಲ್ಲಿ ಮೊದಲೇ ಇದ್ದ ಸಿಸಿಎಫ್‌ಎಲ್ ಅನ್ನು ಬದಲಾಯಿಸದೆ ಮುಂದೆ ಹೋಗಿದ್ದೆ. ಫಿಲ್ಟರ್‌ಗಳು ಮನುಷ್ಯರ ಕಣ್ಣಿನ ಹಾಗೆಯೇ ನೋಡುವುದಿಲ್ಲ, ಆದ್ದರಿಂದ ಪ್ರತಿ ಬಗೆಯ ಬೆಳಕಿಗೂ ಬೇರೆ ತಿದ್ದುಪಡಿ ಬೇಕು.

ಸಾಧನ ಸರಿಯಿದ್ದರೂ ಲ್ಯಾಪ್‌ಟಾಪ್‌ನಲ್ಲಿ ಇನ್ನೊಂದು ತೊಂದರೆ ಇದೆ. ದೊಡ್ಡ ಮಾನಿಟರ್‌ಗಳಲ್ಲಿ ಕೆಂಪು, ಹಸಿರು, ನೀಲಿಯನ್ನು ಬೇರೆ ಬೇರೆ ಹೊಂದಿಸುವ ಮೆನು ಇರುತ್ತದೆ. ಲ್ಯಾಪ್‌ಟಾಪ್‌ಗಳಲ್ಲಿ ಸಾಮಾನ್ಯವಾಗಿ ಬರೀ ಬ್ರೈಟ್‌ನೆಸ್. ಹಾಗಾಗಿ ಬಿಳಿ ಬದಲಾಯಿಸಬೇಕಾದರೆ ಸಾಫ್ಟ್‌ವೇರ್ ಗ್ರಾಫಿಕ್ಸ್ ಕಾರ್ಡ್‌ನ ಮಟ್ಟದಲ್ಲಿ ನೀಲಿಯನ್ನು ಕತ್ತರಿಸುತ್ತದೆ. 8 ಬಿಟ್‌ನಲ್ಲಿ ಇರುವುದೇ 256 ಮೆಟ್ಟಿಲು, ಅದರಲ್ಲೂ ಒಂದಿಷ್ಟು ಹೋಯಿತು. ಸ್ಕ್ರೀನ್ ಮಂಕಾಯಿತು. ರಾಜಾಸೀಟ್‌ನಲ್ಲಿ ಬೆಳಿಗ್ಗೆ ಮಂಜಿನಲ್ಲಿ ತೆಗೆದ ಜೋಡಿಯ ಫೋಟೋಗಳಲ್ಲಿ ಮಂಜು ಪಟ್ಟೆ ಪಟ್ಟೆಯಾಗಿ ಕಾಣುತ್ತಿತ್ತು, ಅದನ್ನು ಕ್ಯಾಮೆರಾದ ದೋಷ ಅಂದುಕೊಂಡು ಮೂರು ದಿನ ತಲೆಕೆಡಿಸಿಕೊಂಡಿದ್ದೆ.

ದಯವಿಟ್ಟು ಲ್ಯಾಪ್‌ಟಾಪ್‌ನ ಬಿಳಿ ತೀರಾ ಕೆಟ್ಟಿಲ್ಲದಿದ್ದರೆ ಅದನ್ನು ಇದ್ದ ಹಾಗೇ ಬಿಡಿ. ಸಾಫ್ಟ್‌ವೇರ್‌ನಲ್ಲಿ ವೈಟ್ ಪಾಯಿಂಟ್ ನೇಟಿವ್ (ಅಂದರೆ ಸ್ಕ್ರೀನ್‌ನ ಸ್ವಂತ ಬಿಳಿ) ಅಂತ ಇರುತ್ತದೆ, ಅದನ್ನೇ ಆರಿಸಿ. ಮತ್ತೆ ಕೆಲ್ವಿನ್ ಸಂಖ್ಯೆ ಒಂದನ್ನೇ ನೋಡಬೇಡಿ, ಅದು ನೀಲಿ-ಹಳದಿಯ ಕಥೆ ಮಾತ್ರ ಹೇಳುತ್ತದೆ, 6500 ಇದ್ದೂ ಸ್ಕ್ರೀನ್ ಹಸಿರು ಹೊಡೆಯಬಹುದು. ಬಿಳಿಯ ಬಣ್ಣವನ್ನು ಪೂರ್ತಿ ಹೇಳುವ ಎಕ್ಸ್, ವೈ ಅನ್ನುವ ಎರಡು ಸಂಖ್ಯೆಗಳನ್ನೂ ಸಾಫ್ಟ್‌ವೇರ್ ತೋರಿಸುತ್ತದೆ, ಡಿ65ಕ್ಕೆ ಎಕ್ಸ್ 0.3127, ವೈ 0.3290 ಹತ್ತಿರ ಬರಬೇಕು. ಅಳೆಯುವ ಮೊದಲು ಸ್ಕ್ರೀನ್ ಅರ್ಧ ಗಂಟೆ ಆನ್ ಇರಲಿ. ನೈಟ್ ಲೈಟ್, ತಾನೇ ಬದಲಾಗುವ ಬ್ರೈಟ್‌ನೆಸ್ ಎರಡೂ ಆಫ್ ಇರಲಿ. ಚಾರ್ಜರ್ ಹಾಕಿರಿ. ಮಧ್ಯದಲ್ಲಿ ಕರೆಂಟ್ ಹೋಗಿ ಲ್ಯಾಪ್‌ಟಾಪ್ ಬ್ಯಾಟರಿಗೆ ಬಂದರೆ ಬೆಳಕು ಬದಲಾಗಬಹುದು, ನಮ್ಮಲ್ಲಿ ಜುಲೈಯಲ್ಲಿ ಇದು ದಿನಾ ಆಗುವುದೇ, ಹಾಗಾದರೆ ಮತ್ತೆ ಮೊದಲಿನಿಂದ ಅಳೆಯಿರಿ. ಆಲ್ಬಂ ಪೂರ್ತಿ ಕಳಿಸುವ ಮುಂಚೆ ಒಂದೇ ಒಂದು ಶೀಟ್ ಪ್ರಿಂಟ್ ತರಿಸಿ ಹಗಲಿನಲ್ಲಿ ನೋಡಿ.

ಎರಡನೇ ಸಲದ ಪ್ರಿಂಟಿನ ಖರ್ಚು ನಾನೇ ಕೊಟ್ಟೆ. ಆ ತಾಯಿ ಒಂದು ಮಾತೂ ಬೈಯಲಿಲ್ಲ, ಅದೇ ಇನ್ನೂ ಬೇಜಾರು. ಮೊನ್ನೆ ಕುಶಾಲನಗರದ ಒಬ್ಬರು ಆ ಹಳೆಯ ಕಲರಿಮೀಟರ್ ಕೊಡ್ತೀರಾ ಅಂತ ಫೋನ್ ಮಾಡಿದ್ದರು. ಕೊಡುವುದಿಲ್ಲ ಅಂದೆ. ದುಡ್ಡಿಗೂ ಇಲ್ಲ, ಸುಮ್ನೆಯೂ ಇಲ್ಲ.