ವೆಬ್ ಸರ್ವರ್ ಸೆಟಪ್: ಪ್ಯಾನೆಲ್ ಸಾಕಾ, ಟರ್ಮಿನಲ್ ಬೇಕಾ?

ಮಂಡ್ಯದ ಒಂದು ಬೆಲ್ಲದ ಅಂಗಡಿ, ಮೈಸೂರಿನ ಒಂದೆರಡು ಹೋಂಸ್ಟೇ. ಇವರ ಸೈಟುಗಳ ಸರ್ವರ್ ನೋಡಿಕೊಳ್ಳೋದು ನಾನೇ. ಎಂಜಿನ್‌ಎಕ್ಸ್ ಅನ್ನೋ ವೆಬ್ ಸರ್ವರ್ ಸಾಫ್ಟ್‌ವೇರನ್ನು ಬ್ರೌಸರಿನಲ್ಲೇ ಬಟನ್ ಒತ್ತಿ ನಡೆಸುವ ಪ್ಯಾನೆಲ್ ಎಂಜಿನ್‌ಎಕ್ಸ್ ಪ್ರಾಕ್ಸಿ ಮ್ಯಾನೇಜರ್, ಸರ್ವರ್ ನೋಡಿಕೊಳ್ಳುವ ಇನ್ನೊಂದು ಪ್ಯಾನೆಲ್ ವೆಬ್‌ಮಿನ್, ಕಮಾಂಡ್ ಟೈಪ್ ಮಾಡುವ ಬರೀ ಟರ್ಮಿನಲ್, ಮೂರನ್ನೂ ಬಳಸಿದ್ದೇನೆ. ನನ್ನ ಓಟು ಟರ್ಮಿನಲ್‌ಗೆ.

ಹಾಗಂತ ಪ್ಯಾನೆಲ್ ದಂಡ ಅಂತಲ್ಲ. ಪ್ರಾಕ್ಸಿ ಮ್ಯಾನೇಜರನ್ನು ಡಾಕರ್‌ನಲ್ಲಿ (ಸಾಫ್ಟ್‌ವೇರನ್ನು ಬೇರೆ ಡಬ್ಬಿಯಲ್ಲಿಟ್ಟಂತೆ ಓಡಿಸುವ ವ್ಯವಸ್ಥೆ) ಹಾಕಿ, 81ನೇ ಪೋರ್ಟ್‌ಗೆ ಹೋಗಿ, ಡೊಮೇನ್ ಹೆಸರು ಕೊಟ್ಟು, ಎಸ್‌ಎಸ್‌ಎಲ್ ಅಂತ ಆರಿಸಿದರೆ ಸೈಟಿನ ಸಂಪರ್ಕವನ್ನು ಸುರಕ್ಷಿತ ಮಾಡುವ ಲೆಟ್ಸ್ ಎನ್‌ಕ್ರಿಪ್ಟ್ ಸಂಸ್ಥೆಯ ಸರ್ಟಿಫಿಕೇಟ್ ಬಂದುಬಿಡುತ್ತದೆ, ರಿನ್ಯೂ ಮಾಡೋದನ್ನೂ ಅದೇ ನೋಡಿಕೊಳ್ಳುತ್ತದೆ. ಹೊಸಬರಿಗೆ ಇದಕ್ಕಿಂತ ಸಲೀಸು ಇನ್ನೊಂದಿಲ್ಲ.

ಆದರೆ ಬಟನ್ ಇಲ್ಲದ ಕೆಲಸ ಬಂದಾಗ ಏನು ಮಾಡ್ತೀರಿ? ಲಾಗಿನ್ ಪೇಜಿಗೆ ಬಾಟ್‌ಗಳ ಕಾಟ ಜಾಸ್ತಿ ಆಯ್ತು ಅಂದುಕೊಳ್ಳಿ. ರಿಕ್ವೆಸ್ಟ್‌ಗೆ ಮಿತಿ ಹಾಕಬೇಕು. ಪ್ರಾಕ್ಸಿ ಮ್ಯಾನೇಜರ್‌ನ ಅಡ್ವಾನ್ಸ್‌ಡ್ ಬಾಕ್ಸ್‌ನಲ್ಲಿ ಬರೆದದ್ದು ಆ ಒಂದು ಸೈಟಿನ ಸೆಟ್ಟಿಂಗ್ ಇರೋ ಸರ್ವರ್ ಬ್ಲಾಕಿನೊಳಗೆ ಹೋಗುತ್ತದೆ, ಮಿತಿಯ ಝೋನ್ (ಯಾರು ಎಷ್ಟು ಸಲ ಕೇಳಿದರು ಅನ್ನೋ ಲೆಕ್ಕ ಇಡುವ ಜಾಗ) ಮಾತ್ರ ಅದರ ಹೊರಗೆ, ಎಲ್ಲ ಸೈಟಿಗೂ ಸೇರಿದ ಎಚ್‌ಟಿಟಿಪಿ ಬ್ಲಾಕಿನಲ್ಲೇ ಇರಬೇಕು. ಕೊನೆಗೆ ಬೇರೆ ಫೈಲ್ ಬರೆಯಲೇಬೇಕು. ಅಂದರೆ ಮತ್ತೆ ಟರ್ಮಿನಲ್ಲೇ ಅಲ್ವಾ?

ನನಗೆ ಟರ್ಮಿನಲ್ ಇಷ್ಟವಾಗೋದು ಸ್ಪೀಡಿಗಲ್ಲ, ಧೈರ್ಯಕ್ಕೆ. ಒಂದು ಉದಾಹರಣೆ. ಎಂಜಿನ್‌ಎಕ್ಸ್ ಡೀಫಾಲ್ಟ್ ಆಗಿ 1 ಎಂಬಿಗಿಂತ ದೊಡ್ಡ ಅಪ್‌ಲೋಡ್ ಬಿಡಲ್ಲ. ಹೋಂಸ್ಟೇಯವರು ರೂಮಿನ ಫೋಟೊ ಹಾಕಿದರೆ 413 ಎರರ್. ಮಿತಿ ಏರಿಸೋದು ಒಂದೇ ಸಾಲಿನ ಕೆಲಸ. ಆ ಸಾಲಿನ ಕೊನೆಗೆ ಸೆಮಿಕೋಲನ್ ಹಾಕೋದು ಮರೆತಿದ್ದರೆ 'ಎಂಜಿನ್‌ಎಕ್ಸ್ -ಟಿ' ಅನ್ನೋ ಪರೀಕ್ಷೆಯ ಕಮಾಂಡ್ ಕೊಟ್ಟ ಕೂಡಲೇ ಯಾವ ಫೈಲ್, ಎಷ್ಟನೇ ಸಾಲು ಅಂತ ಹೇಳುತ್ತದೆ. ಸರಿ ಇದ್ದರೆ ರೀಲೋಡ್. ಹಳೇ ವರ್ಕರ್‌ಗಳು (ರಿಕ್ವೆಸ್ಟ್‌ಗೆ ಉತ್ತರ ಕೊಡುವ ಪ್ರೋಸೆಸ್‌ಗಳು) ಕೈಯಲ್ಲಿರೋ ರಿಕ್ವೆಸ್ಟ್ ಮುಗಿಸಿಯೇ ಹೋಗೋದರಿಂದ ಬೆಲ್ಲ ಆರ್ಡರ್ ಮಾಡುತ್ತಿರುವವರಿಗೆ ಏನೂ ಗೊತ್ತಾಗಲ್ಲ. ಸೆಟ್ಟಿಂಗ್ ಫೈಲ್‌ಗಳಿರೋ ಕಾನ್ಫಿಗ್ ಫೋಲ್ಡರನ್ನು ಗಿಟ್‌ನಲ್ಲಿ (ಫೈಲ್ ಬದಲಾವಣೆಯ ಇತಿಹಾಸ ಇಡುವ ಸಾಫ್ಟ್‌ವೇರ್) ಇಟ್ಟರಂತೂ ಯಾವತ್ತು ಏನು ಬದಲಾಯಿತು ಅನ್ನೋದು ಸಾಲುಸಾಲಾಗಿ ಸಿಗುತ್ತದೆ. ಪ್ರಾಕ್ಸಿ ಮ್ಯಾನೇಜರ್ ತನ್ನ ಡೇಟಾಬೇಸ್‌ನಿಂದ ಫೈಲ್ ಬರೆಯುತ್ತದೆ. ನೀವು ಕೈಯಲ್ಲಿ ತಿದ್ದಿದ್ದು ಮುಂದಿನ ಸೇವ್‌ಗೆ ಮಾಯ.

ವೆಬ್‌ಮಿನ್ ಈ ವಿಷಯದಲ್ಲಿ ಎಷ್ಟೋ ಮೇಲು. 1997ರಿಂದ ಇರೋ, ಪರ್ಲ್ ಭಾಷೆಯಲ್ಲಿ ಬರೆದ ಸಾಫ್ಟ್‌ವೇರ್. ಎಂಜಿನ್‌ಎಕ್ಸ್‌ನಂಥದ್ದೇ ಇನ್ನೊಂದು ವೆಬ್ ಸರ್ವರ್ ಅಪಾಚೆಯ ಅಸಲಿ ಫೈಲನ್ನೇ ತಿದ್ದುತ್ತದೆ, ಹಾಗಾಗಿ ಕೈಯಲ್ಲೂ ತಿದ್ದಬಹುದು, ಪ್ಯಾನೆಲ್‌ನಲ್ಲೂ ತಿದ್ದಬಹುದು. ಪ್ಯಾನೆಲ್ ಬೇಕೇ ಬೇಕು ಅನ್ನುವವರಿಗೆ ನಾನು ಹೇಳೋದು ಇದನ್ನೇ. ಒಂದು ಮಾತು ಮಾತ್ರ ನೆನಪಿರಲಿ: ಇದರ 1.890ನೇ ಆವೃತ್ತಿಗೆ ಯಾರೋ ಹಿಂಬಾಗಿಲು (ಕದ್ದು ಒಳಬರುವ ದಾರಿ) ಸೇರಿಸಿದ್ದು 2019ರಲ್ಲಿ ಬಯಲಾಯಿತು, 1.930ರಲ್ಲಿ ಸರಿಪಡಿಸಿದರು. ವೆಬ್‌ಮಿನ್ ಓಡುವ 10000ನೇ ಪೋರ್ಟನ್ನು ಊರಿಗೆಲ್ಲ ತೆರೆದಿಡಬೇಡಿ, ಎಸ್‌ಎಸ್‌ಎಚ್ ಟನೆಲ್ (ಸರ್ವರ್‌ವರೆಗಿನ ಗುಪ್ತ, ಸುರಕ್ಷಿತ ದಾರಿ) ಮೂಲಕವೇ ಒಳಗೆ ಹೋಗಿ.